ಕುಡಿಯುವ ತಾವೀಜು

ಕಟ್ಟಿಕೊಳ್ಳುವ ತಾವೀಜು ಬೇರೆ, ಕುಡಿಯುವ ತಾವೀಜು ಬೇರೆ. ಕಟ್ಟಿಕೊಳ್ಳುವುದನ್ನು ಮೇಣದ ಬಟ್ಟೆಯಲ್ಲಿ ಹೊಲಿದು ಕೊರಳಿಗೋ ತೋಳಿಗೋ ಹಾಕುತ್ತಾರೆ. ಕುಡಿಯುವುದು ಬೆರಳಗಲದ ಬರೀ ಕಾಗದ. ಅದರ ಮೇಲೆ ಕೇಸರಿಯ ನೀರಿನಲ್ಲಿ ಚೌಕಗಳನ್ನು ಗೀರಿ ಒಂದೊಂದರಲ್ಲೂ ಅಂಕಿ ಬರೆದಿರುತ್ತಾರೆ. ಬೆಳಗಿನ ನಮಾಜು ಮುಗಿಸಿ ಅದನ್ನು ನೀರಿನಲ್ಲಿ ನೆನೆಹಾಕಿ, ಬಣ್ಣ ಬಿಟ್ಟ ಮೇಲೆ ಬಿಸ್ಮಿಲ್ಲಾ ಹೇಳಿ ಕುಡಿಯಬೇಕು. ಉಳಿದ ಕಾಗದವನ್ನು ಕಸಕ್ಕೆ ಹಾಕುವಂತಿಲ್ಲ, ಕಾಲಿಗೆ ತಾಗಿಸುವಂತಿಲ್ಲ. ಹರಿಯುವ ನೀರಿಗೆ ಬಿಡಬೇಕು. ಇದಕ್ಕೆ ಔರಾದಿನ ಆ ಓಣಿಯಲ್ಲಿ ಥಂಡಾ ಮಾಡುವುದು ಎನ್ನುತ್ತಾರೆ.

ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ ಅದು. ಥಂಡಾ ಮಾಡಲು ಎಲ್ಲಿಯೂ ನೀರಿರಲಿಲ್ಲ. ಮಾಂಜ್ರಾ ನದಿ ಮರಳಾಗಿತ್ತು, ಬಾವಿಗಳ ತಳದ ಕಲ್ಲು ಕಾಣುತ್ತಿತ್ತು. ಓಣಿಯ ಹೆಂಗಸರು ತಮ್ಮ ಹಳೆಯ ತಾವೀಜಿನ ಕಾಗದಗಳನ್ನು ತಂದು ಖತೀಜಾ ಬೇಗಂಳ ಹಿಟ್ಟಿನ ಗಿರಣಿಯಲ್ಲಿ ಕೊಡುತ್ತಿದ್ದರು. ಅವಳು ಅವನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಸ್ವಿಚ್‌ಬೋರ್ಡಿನ ಮೇಲಿನ ಗೂಡಿನಲ್ಲಿ ಇಡುತ್ತಿದ್ದಳು. ಮಳೆ ಬಂದು ಹಳ್ಳ ಹರಿದಾಗ ಎಲ್ಲವನ್ನೂ ಒಟ್ಟಿಗೆ ಬಿಡುವುದು ಎಂದು ಮಾತಾಗಿತ್ತು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸಿಕೊಂಡು ಬಂದ ಹೆಂಗಸು. ಅವಳ ಬಾಯಿಗೆ ಓಣಿ ಹೆದರುತ್ತಿತ್ತು, ಅವಳ ತೂಕವನ್ನು ನಂಬುತ್ತಿತ್ತು.

ಅರ್ಧ ಓಣಿಗೆ ಬೀಗ ಬಿದ್ದಿತ್ತು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ ಹೋಗಿದ್ದರು. ಖತೀಜಾಳ ಮಗ ಮಕ್ಸೂದ ಬೀದರಿನಲ್ಲಿ ಬಿ.ಕಾಂ. ಅರ್ಧಕ್ಕೆ ಬಿಟ್ಟು ಹೈದರಾಬಾದು ಸೇರಿದ್ದ. ಊರ ಹೊರಗಿನ ತೋಟದ ಬಂಗಲೆಗಳಲ್ಲಿ ನಡೆಯುವ ಪಾರ್ಟಿಗಳಿಗೆ ಲೈಟು, ಹೂವಿನ ಅಲಂಕಾರ ಮಾಡುತ್ತೇನೆ ಎಂದು ಹೇಳುತ್ತಿದ್ದ. ಮಗಳು ಶಮೀಮ ಭಾಲ್ಕಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಅಲ್ಲಿಯೇ ಬಾಡಿಗೆ ಕೋಣೆಯಲ್ಲಿದ್ದಳು.

ಖತೀಜಾಳಿಗೆ ಅರೆತಲೆ ನೋವು. ಹೈದರಾಬಾದಿನ ದರ್ಗಾದಿಂದ ಒಂದು ಕುಡಿಯುವ ತಾವೀಜು ತಾ ಎಂದು ಮಗನಿಗೆ ಎಷ್ಟೋ ಸಲ ಹೇಳಿದ್ದಳು. ಅವನು ಹ್ಞೂಂ ಎನ್ನುವನು, ಮರೆಯುವನು. ಆ ಸಲ ಬಂದವನು ಊಟ ಮಾಡಿ ಮಲಗಿದಾಗ ಅವನ ಅಂಗಿಯನ್ನು ಒಗೆಯಲು ತೆಗೆದುಕೊಂಡಳು. ಜೇಬಿನಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಚೀಲ, ಅದರೊಳಗೆ ಒಂದು ಕಾಗದ. ನಾಲ್ಕು ಚೌಕ, ಚೌಕದೊಳಗೆ ಮತ್ತೆ ನೀಲಿ ಗೆರೆಯ ಸಣ್ಣ ಚೌಕಗಳು. ಖತೀಜಾ ಅದನ್ನು ಕಣ್ಣಿಗೆ ಒತ್ತಿಕೊಂಡಳು. ತರುವುದನ್ನು ತಂದಿದ್ದಾನೆ, ಕೊಡುವುದನ್ನು ಮರೆತಿದ್ದಾನೆ ಎಂದು ನಕ್ಕಳು. ಎಬ್ಬಿಸಿ ಕೇಳಬೇಕೆಂದು ಅವಳಿಗೆ ತೋಚಲಿಲ್ಲ. ತಾಯಿ ಕೇಳಿದ್ದನ್ನು ಮಗ ತಂದಿದ್ದರೆ ಅದರಲ್ಲಿ ಕೇಳುವುದೇನಿದೆ?

ಕತ್ತರಿಯಿಂದ ನಾಲ್ಕನ್ನೂ ಬೇರೆ ಮಾಡಿದಳು. ಅಷ್ಟರಲ್ಲಿ ಎದುರು ಮನೆಯ ಸಕೀನಾ ಬಂದಳು. ಬಸುರಿ ಹುಡುಗಿ, ಗಂಡ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ತಿಂದದ್ದು ನಿಲ್ಲುವುದಿಲ್ಲ, ನಿದ್ದೆ ಇಲ್ಲ ಎಂದು ಭಾಲ್ಕಿಯ ತವರಿಗೆ ಹೊರಟಿದ್ದಳು.

"ತಗೋ, ಇದೊಂದು ನೀ ಒಯ್ಯಿ," ಎಂದಳು ಖತೀಜಾ. "ಜುಮ್ಮಾ ದಿನ ನಸುಕಿಗಿ ಕುಡಿ. ಟ್ಯಾಂಕರಿನ ಪೌಡರ್ ವಾಸನಿ ನೀರಾಗ ಹಾಕಬ್ಯಾಡ, ನಿಮ್ಮ ಅಮ್ಮಿ ಮನಿಯಾಗ ಚಲೋ ನೀರಿದ್ರ ಅದರಾಗ ಹಾಕು."

ಉಳಿದ ಮೂರರಲ್ಲಿ ಎರಡನ್ನು ಎಲೆಡಬ್ಬಿಯಲ್ಲಿ ಅಡಿಕೆಯ ಕೆಳಗೆ ಇಟ್ಟಳು. ಒಂದನ್ನು ಮರುದಿನ ಬೆಳಗ್ಗೆ ತಾನೇ ಕುಡಿದಳು. ನೀರಿಗೆ ಬಣ್ಣ ಬಿಡಲಿಲ್ಲ. ನಾಲಿಗೆಗೆ ಏನೂ ಹತ್ತಲಿಲ್ಲ. ಮಕ್ಸೂದ ಇನ್ನೂ ಮಲಗಿದ್ದ.

ಕರೆಂಟು ಬಂದ ಕೂಡಲೇ ಗಿರಣಿ ಹಚ್ಚಿದಳು. ಪಕ್ಕದ ಮನೆಯ ಸುಭದ್ರಾಬಾಯಿ ಎಂದಿನಂತೆ ಕೈಗೂಡಿಸಲು ಬಂದು ಜೋಳವನ್ನು ಮೇಲಿನ ತಗಡಿನ ಬುಟ್ಟಿಗೆ ಸುರಿದಳು. ಬಟ್ಟೆಯ ತೋಳಿನಿಂದ ಹಿಟ್ಟು ಬೀಳತೊಡಗಿತು. ಸ್ವಲ್ಪ ಹೊತ್ತಿಗೆ ಆ ಹಿಟ್ಟಿನ ಗುಡ್ಡೆ ಉಸಿರಾಡಿತು.

ಖತೀಜಾ ಕಣ್ಣು ಉಜ್ಜಿಕೊಂಡಳು. ಗುಡ್ಡೆ ಏರಿತು, ಇಳಿಯಿತು. ಮೋಟರಿನಿಂದ ಚಕ್ರಕ್ಕೆ ಓಡುವ ಪಟ್ಟೆಯ ಸದ್ದು ಹಳದಿ ದಾರಗಳಾಗಿ ಗೋಡೆಗೆ ಹಬ್ಬಿತು. ಮೊದಲು ಅವಳಿಗೆ ಖುಷಿಯಾಯಿತು. ಎಷ್ಟೋ ವರ್ಷಗಳ ಮೇಲೆ ತಲೆನೋವಿಲ್ಲದ ಬೆಳಗು. ಆಮೇಲೆ ಗೋಡೆ ಹತ್ತಿರ ಬಂತು. ಎದೆ ಪಟ್ಟೆಗಿಂತ ಜೋರಾಗಿ ಬಡಿದುಕೊಂಡಿತು. ಬೀಸುವ ಕಲ್ಲಿನೊಳಗಿಂದ ಸತ್ತ ಗಂಡ ಕೂಗಿದ. ಬಿಳಿ ಹಿಟ್ಟು ಕರಗಿ ನೀರಾಗಿ ಪಟ್ಟೆಯ ಕೆಳಗಿನಿಂದ ಹರಿಯಿತು.

"ಸುಭದ್ರಾ, ನೀರು! ಕಲ್ಲಿನ ಕೆಳಗ ನೀರು ಹರಿಲಾಕತ್ತಾದ! ಎಲ್ಲರಿಗೂ ಹೇಳು, ನೀರದ!"

ಕಾಳು ಹಿಡಿದು ನಿಂತಿದ್ದವರೆಲ್ಲ ಅದನ್ನು ಕೇಳಿದರು. ಆ ನೀರನ್ನು ಬೊಗಸೆಯಲ್ಲಿ ತುಂಬಿಕೊಳ್ಳಲು ಖತೀಜಾ ಬಲಗೈಯನ್ನು ಪಟ್ಟೆಗೂ ಚಕ್ರಕ್ಕೂ ನಡುವೆ ಹಾಕಿದಳು. ಸುಭದ್ರಾಬಾಯಿ ಅವಳನ್ನು ಎಳೆಯಲು ಹೋಗಲಿಲ್ಲ, ಕೈಗೆ ಸಿಕ್ಕ ಕಟ್ಟಿಗೆಯಿಂದ ಸ್ವಿಚ್ಚಿಗೆ ಹೊಡೆದಳು. ಹಾಗಾಗಿ ಹೋದದ್ದು ಎರಡು ಬೆರಳು ಮಾತ್ರ. ಮೋಟರು ನಿಂತ ಮೇಲೂ ಖತೀಜಾ ನಗುತ್ತ, ಅಳುತ್ತ, ನೀರು ನೀರು ಎನ್ನುತ್ತಿದ್ದಳು.

ಆಂಬುಲೆನ್ಸ್ ಬೀದರಿನ ದಾರಿ ಹಿಡಿದಿತ್ತಷ್ಟೇ, ಔರಾದಿನಲ್ಲಿ ಸುದ್ದಿ ಬೇರೆಯೇ ಆಗಿತ್ತು. ತಾವೀಜು ಕುಡಿದ ಖತೀಜಾ ಬೇಗಂಗೆ ಭೂಮಿಯೊಳಗಿನ ನೀರು ಕಂಡಿದೆಯಂತೆ.

*

ಮರುದಿನ ಶಮೀಮ ಬೀದರಿನ ಆಸ್ಪತ್ರೆಗೆ ಬಂದಾಗ ತಾಯಿಗೆ ಮಾತು ನೆಟ್ಟಗಾಗಿತ್ತು. ಕೈಗೆ ದಪ್ಪ ಪಟ್ಟಿ. ಬಿಸಿಲು ಹೊಡೆದಿದೆ ಎಂದು ಮಕ್ಸೂದ ಡಾಕ್ಟರಿಗೆ ಹೇಳಿದ್ದ. ಅವರಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ನರ್ಸು ಶಮೀಮಳಿಗೆ ಒಂದು ಮಾತು ಹೇಳಿದಳು: "ಟಾರ್ಚ್ ಹಾಕಿದ್ರೂ ಕಣ್ಣಿನ ಪಾಪಿ ಸಣ್ಣದಾಗಲಿಲ್ರಿ ಮೇಡಂ. ಬಿಸಿಲಿಗಿ ಹಂಗ ಆಗಲ್ರಿ."

ಶಮೀಮ ತಾಯಿಯ ಪಕ್ಕ ಕುಳಿತಳು. "ಅಮ್ಮಿ, ನಿನ್ನೆ ಮುಂಜಾನಿ ಏನು ತಿಂದಿ, ಏನು ಕುಡಿದಿ?"

"ಏನು ತಿಂತೀನಿ, ರಾತ್ರಿದು ರೊಟ್ಟಿ. ಮತ್ತ ನಿನ್ನ ತಮ್ಮ ತಂದಿದ್ದ ತಾವೀಜು."

ಎಲೆಡಬ್ಬಿ ತಲೆದಿಂಬಿನ ಪಕ್ಕದಲ್ಲೇ ಇತ್ತು. ಖತೀಜಾ ಬೆರಳು ಬಿಟ್ಟು ಬಂದಿದ್ದಳು, ಅದನ್ನು ಬಿಟ್ಟು ಬಂದಿರಲಿಲ್ಲ. ಶಮೀಮ ಅಡಿಕೆಯ ಕೆಳಗಿನ ಎರಡು ಚೌಕಗಳನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಕೈಯಿಂದ ಬರೆದದ್ದಾದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ಇವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಅಚ್ಚು. ಅಂಕಿಗಳಿಲ್ಲ. ಕೇಸರಿಯ ವಾಸನೆಯಿಲ್ಲ. ಕತ್ತರಿ ಆಡಿರದ ಅಂಚಿನಲ್ಲಿ ಅಂಚೆಚೀಟಿಗಿರುವಂತೆ ಸಾಲು ತೂತು. ಅವಳು ಎದ್ದು ತಮ್ಮನನ್ನು ವರಾಂಡಕ್ಕೆ ಕರೆದಳು.

"ಇದೇನು?"

ಮಕ್ಸೂದ ಕಾಗದಕ್ಕೆ ಕೈ ಚಾಚಿದ. "ಆಪಾ, ಅಮ್ಮಿ ಇದನ್ನ ಕುಡಿದಾಳೇನು? ನಾ ಹುಡುಕಿ ಹುಡುಕಿ ಸಾಕಾಗಿದ್ದೆ."

"ಏನು ಅಂತ ಕೇಳಿದೆ."

"ಸ್ಟ್ಯಾಂಪ್ ಅಂತಾರ. ಎಲ್‌ಎಸ್‌ಡಿ. ಪಾರ್ಟಿಯಾಗ ತಗೋತಾರ, ಇಲ್ಲಿ ಕಾಲೇಜ್ ಹುಡುಗರೂ ಕೇಳ್ತಾರ. ಏನೂ ಆಗಲ್ಲ ಆಪಾ, ಅರ್ಧ ದಿನ ಬಣ್ಣ ಕಾಣ್ತಾವ, ಮುಗೀತು."

"ಅಮ್ಮಿ ಬೆರಳೂ ಮುಗದಾವ."

"ಗಿರಣಿ ನಡಸಬಾರದಿತ್ತು. ಕೂತಲ್ಲೇ ಕೂತಿದ್ರ..."

"ಎಲ್‌ಎಸ್‌ಡಿ ಅಂತ ಯಾರು ಹೇಳಿದರು? ನೀ ಅಳದು ನೋಡೀಯೇನು? ಈ ಕಾಗದ ಏನು ಕುಡದಾದ, ಎಷ್ಟು ಕುಡದಾದ, ನಿಂಗ ಕೊಟ್ಟವನಿಗಾದರೂ ಗೊತ್ತದೇನು?"

ಶಮೀಮ ತನ್ನ ಪ್ರಯೋಗಾಲಯದಲ್ಲಿ ಹೆಸರು ಬರೆಯದ ಬಾಟಲಿ ಕಂಡರೆ ವಿದ್ಯಾರ್ಥಿಗಳನ್ನು ಹೊರಗೆ ನಿಲ್ಲಿಸುವವಳು. ಇಲ್ಲಿ ಗ್ರಾಮಿನ ಸಾವಿರದ ಒಂದು ಪಾಲಿಗಿಂತ ಕಡಿಮೆಯಲ್ಲೇ ಮನುಷ್ಯನ ಬುದ್ಧಿಯನ್ನು ತಿರುಗಿಸುವ ವಸ್ತು. ಕಣ್ಣಿಗೆ ಕಾಣದು, ಮೂಗಿಗೆ ಬಾರದು. ಅದೇ ಹೆಸರಿನಲ್ಲಿ ಅದಕ್ಕಿಂತ ಕೆಟ್ಟದ್ದನ್ನು ಸವರಿ ಮಾರಿದರೂ ಕೊಂಡವನಿಗೆ ತಿಳಿಯದು. ನಂಬಿಕೆಯೊಂದೇ ಅದರ ಲೇಬಲ್ಲು. ತಾಯಿ ದರ್ಗಾವನ್ನು ನಂಬಿ ಕುಡಿದಳು. ಕಾಲೇಜಿನ ಹುಡುಗರು ಇವನನ್ನು ನಂಬಿ ನಾಲಿಗೆಯ ಮೇಲಿಡುತ್ತಾರೆ. ಈ ಎರಡರಲ್ಲಿ ಯಾವ ನಂಬಿಕೆ ಹೆಚ್ಚು ಕುರುಡು ಎಂದು ಅವಳಿಗೆ ಹೇಳಲಾಗಲಿಲ್ಲ.

ಒಳಗೆ ಹೋಗಿ ತಾಯಿಗೆ ಏನನ್ನೂ ಮುಚ್ಚಿಡದೆ ಹೇಳಿದಳು. ಖತೀಜಾ ಮಗನ ಕಡೆ ನೋಡಲಿಲ್ಲ. ಹಾಸಿಗೆಯಿಂದ ಕಾಲು ಕೆಳಗಿಟ್ಟಳು.

"ಸಕೀನಾಗ ಒಂದು ಕೊಟ್ಟೀನಿ. ನಾಳಿ ನಸುಕಿಗಿ ಕುಡೀತಾಳ."

ಸಕೀನಾಳ ತಾಯಿ ರಹೀಮುನ್ನಿಸಾಳ ಫೋನು ಬಂದ್ ಆಗಿತ್ತು. ಮಕ್ಸೂದ ಹೇಳಿದ: "ನಾ ಹಚ್ಚಿ ಹಚ್ಚಿ ನೋಡ್ತೀನಿ ಅಮ್ಮಿ. ಹತ್ತಿದ ಕೂಡಲೇ, ಆ ತಾವೀಜು ಬ್ಯಾರೆಯವರದು, ಕುಡಿಬ್ಯಾಡ ಅಂತ ಹೇಳಿದ್ರಾಯ್ತು. ಬ್ಯಾರೆ ಯಾಕ ಹೇಳಬೇಕು?"

"ಬ್ಯಾರೆಯವರದು ಅಂದ್ರ ಬಿಸಾಡ್ತಾಳೇನು? ತಾವೀಜು ಯಾರಾದರೂ ಬಿಸಾಡ್ತಾರ? ಥಂಡಾ ಮಾಡು ಅಂದ್ರ ನೀರೆಲ್ಲಿ ಅದ? ಯಾರ ಹೆಸರಿಲೆ ಬರದಿದ್ರೇನು, ಬರಕತ್ ಅದ ಅಂತ ಬಿಸ್ಮಿಲ್ಲಾ ಹೇಳಿ ಕುಡೀತಾಳ. ನಾನಾಗಿದ್ರೂ ಅದೇ ಮಾಡ್ತಿದ್ದೆ. ನಶಾ ಅಂತ ಬಾಯಿಬಿಟ್ಟು ಹೇಳಿದ್ರಷ್ಟೇ ಬಿಡ್ತಾಳ."

"ನೀ ಹಂಗ ಹೇಳಿದ್ರ ಊರಿಗೆಲ್ಲ ಗೊತ್ತಾಗ್ತದ. ನನ್ನ ಜೇಲಿಗಿ ಹಾಕ್ತಾರ ಅಮ್ಮಿ. ವರ್ಷಾನುಗಟ್ಟಲೆ."

ಖತೀಜಾ ಆಗ ಮಗನನ್ನು ನೋಡಿದಳು. "ನಿಂಗ ಬಾಯಿ ಅದ, ವಕೀಲ ಸಿಗ್ತಾನ. ಆಕಿ ಹೊಟ್ಟಿಯಾಗಿಂದಕ್ಕ ಯಾರದಾರ? ಶಮೀಮ, ಈ ಸೂಜಿ ಬಿಚ್ಚಲಾಕ ಹೇಳು."

ಡಾಕ್ಟರು ಬೇಡವೆಂದರು. ಶಮೀಮ ಅವರಿಗೂ ಕಾಗದ ತೋರಿಸಿ ವಿಷಯ ತಿಳಿಸಿದಳು. ಅವರು ಕೇಸಿನ ಹಾಳೆಯಲ್ಲಿ ಬಿಸಿಲು ಎಂಬುದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಗಾಯ ಕೆಟ್ಟರೆ ನಮ್ಮನ್ನು ಕೇಳಬೇಡಿ ಎಂಬ ಕಾಗದಕ್ಕೆ ಸಹಿ ಬೇಕಿತ್ತು.

"ಸಹಿ ಮಾಡೋ ಬೆರಳು ಗಿರಣಿಯಾಗ ಬಿಟ್ಟು ಬಂದೀನಿ," ಎಂದಳು ಖತೀಜಾ. "ಎಡಗೈ ಹೆಬ್ಬೆಟ್ಟು ತಗೋರಿ, ಲಗು ಮಾಡ್ರಿ."

*

ಭಾಲ್ಕಿಯ ಬಸ್ಸಿನಲ್ಲಿ ಮಕ್ಸೂದ ಇರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅವನು ಜಾರಿಕೊಂಡಿದ್ದ. ಎದುರಿನಿಂದ ಬರುವ ಬಸ್ಸುಗಳ ಮೇಲೆ ಗಂಟುಮೂಟೆ, ಕೊಡ, ಮಡಚಿದ ಹೊರಸು. ಕಾರಂಜಾ ಸೇತುವೆಯ ಕೆಳಗೆ ಎಮ್ಮೆಗಳು ಒಣ ಕೆಸರನ್ನು ನೆಕ್ಕುತ್ತಿದ್ದವು. ಖತೀಜಾ ಕಣ್ಣು ಮುಚ್ಚಿದಳು, ಮತ್ತೆ ತೆರೆದಳು.

"ನೋಯ್ತದೇನು ಅಮ್ಮಿ?"

"ಕೈ ನೋಯಲಿ ಬಿಡು. ಮುಂದಿನ ಸೀಟಿನ ಹೂವಿನ ಬಟ್ಟಿ ನೋಡಿದ್ರ ಹೂವು ಹುಳದಂಗ ಹರದಾಡ್ತಾವ. ನಿನ್ನೆಯದು ಇನ್ನೂ ಹೋಗಿಲ್ಲ." ಕಿಟಕಿಯ ಕಡೆ ತಿರುಗಿ ಕೇಳಿದಳು: "ಕುಡಿದ್ರ ಕೂಸಿಗಿ ಏನಾಗ್ತದ?"

"ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರ ಸಕೀನಾ ಹೆದರಿ ಮಾಳಿಗಿಯಿಂದ ಜಿಗಿದ್ರ ಏನಾಗ್ತದ ಅಂತ ಗೊತ್ತದ."

ರಹೀಮುನ್ನಿಸಾಳ ಮನೆ ಸ್ಟೇಶನ್ನಿನ ಆಚೆ. ಬಾಗಿಲು ತೆರೆದಾಗ ಸಕೀನಾ ಅಡುಗೆಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಬೆಳಗಿನಿಂದ ವಾಂತಿ. ನಾಳೆಯವರೆಗೆ ತಾಳಲಾಗದೆ ಇವತ್ತೇ ಕುಡಿದುಬಿಡೋಣವೆಂದು ತಾವೀಜು ನೆನೆಹಾಕಿದ್ದಳು. ಸ್ಟೀಲಿನ ಲೋಟ, ಮೇಲೊಂದು ತಟ್ಟೆ, ಅವಳ ಕೈಯಳತೆಯಲ್ಲೇ ಇತ್ತು.

"ಅದನ್ನ ಮುಟ್ಟಬ್ಯಾಡ," ಎಂದಳು ಖತೀಜಾ. "ಅದು ತಾವೀಜಲ್ಲ. ನಶಾ."

ರಹೀಮುನ್ನಿಸಾ ಎರಡೂ ಕೆನ್ನೆ ಮುಟ್ಟಿಕೊಂಡಳು. "ತೌಬಾ ತೌಬಾ! ಏನು ಮಾತಂತ ಆಡ್ತೀರಿ? ನಿಮಗ ನೀರು ಕಂಡಾದಂತ, ಊರಿಗೆಲ್ಲ ಗೊತ್ತದ. ನಮ್ಮ ಹುಡುಗಿ ಪಾಲಿಗಿ ಬಂದ ಬರಕತ್ ತಿರುಗಿ ಒಯ್ಲಾಕ ಬಂದೀರೇನು?"

"ಖಾಲಾ, ನೀವೇ ಕೊಟ್ಟಿದ್ರಿ," ಎಂದಳು ಸಕೀನಾ. ಅವಳ ಕೈ ಲೋಟದ ಮೇಲಿತ್ತು.

"ನಾನೇ ಕೊಟ್ಟಿದ್ದು. ಅದಕ್ಕೇ ನಾನೇ ಬಂದೀನಿ." ಖತೀಜಾ ಪಟ್ಟಿ ಕಟ್ಟಿದ ಕೈಯನ್ನು ಅವಳ ಮುಖದ ಮುಂದೆ ಹಿಡಿದಳು. "ಇದು ಕುಡಿದು ಗಿರಣಿ ಪಟ್ಟೆಯಾಗ ಕೈ ಹಾಕೀನಿ. ನೀರು ಅಂತ ಹಾಕೀನಿ. ಬೆರಳು ಎಣಸು ಬೇಕಾದ್ರ. ಇದು ದರ್ಗಾದಿಂದ ಬಂದಿಲ್ಲ, ನನ್ನ ಮಗನ ಜೇಬಿನಿಂದ ಬಂದಾದ. ನನ್ನ ಮಗ ಮಕ್ಸೂದ ನಶಾ ಮಾರ್ತಾನ. ಸಣ್ಣಾಗಿ ಹೇಳ್ಲಿ ಅಂತೀರೇನು? ಹೇಳಲ್ಲ. ಪಕ್ಕದ ಮನಿಯವರೂ ಕೇಳಲಿ."

ಪಕ್ಕದ ಮನೆಯವರು ಆಗಲೇ ಬಾಗಿಲಿಗೆ ಬಂದಿದ್ದರು. ಸಕೀನಾ ಖತೀಜಾಳ ಕೈ ನೋಡಿದಳು, ತಾಯಿಯ ಮುಖ ನೋಡಿದಳು. ಲೋಟದ ಮೇಲಿನ ಕೈ ತೆಗೆದಳು.

ರಹೀಮುನ್ನಿಸಾ ಅದನ್ನು ಬಚ್ಚಲಿಗೆ ಚೆಲ್ಲಲು ಹೋದಳು. ಶಮೀಮ ತಡೆದಳು. ಆ ನೀರನ್ನು ಕಾಗದದ ಸಮೇತ ಒಂದು ಖಾಲಿ ಔಷಧದ ಬಾಟಲಿಗೆ ಸೋರದಂತೆ ಹೊಯ್ದು ಬಿರಡೆ ತಿರುಗಿಸಿದಳು. ಚೀಟಿ ಅಂಟಿಸಿ ಬರೆದಳು: ಕುಡಿಯಬಾರದು.

*

ತಾಯಿ ಮಗಳು ಮರುದಿನ ಔರಾದಿಗೆ ಬಂದಾಗ ಗಿರಣಿಯ ಕಟ್ಟೆಯ ತುಂಬ ನೀರಿನ ಶೀಷೆಗಳಿದ್ದವು. ಖತೀಜಾಳಿಂದ ದುವಾ ಓದಿಸಿ ಊದಿಸಿಕೊಳ್ಳಲು ಜನ ತಂದಿಟ್ಟದ್ದು. ಕುಡಿಯಲು ನೀರಿಲ್ಲದ ಊರಿನಲ್ಲಿ ಊದಿಸಲು ಅಷ್ಟು ನೀರು ಕೂಡಿತ್ತು. ಓಣಿಯ ತಿರುವಿನಲ್ಲಿ ಬೋರ್ ಹೊಡೆಯುವ ಲಾರಿ ನಿಂತಿತ್ತು. ಓಣಿಯ ಹಿರಿಯ, ಕಬ್ಬಿಣದ ಅಂಗಡಿಯ ರಶೀದ ಅಹ್ಮದ, ಗಿರಣಿಯ ಹಿಂದಿನ ಜಾಗದಲ್ಲಿ ಸುಣ್ಣದಿಂದ ಗುರುತು ಹಾಕಿಸುತ್ತಿದ್ದರು. ಪಕ್ಕದಲ್ಲಿ ಮಕ್ಸೂದ. ಅಮ್ಮಿ ಯಾರೊಂದಿಗೂ ಮಾತಾಡುವುದಿಲ್ಲ, ಮೌನ ಹಿಡಿದಿದ್ದಾಳೆ ಎಂದು ಅವನು ಎಲ್ಲರಿಗೂ ಹೇಳಿಟ್ಟಿದ್ದ.

ಇದನ್ನು ಸುಭದ್ರಾಬಾಯಿ ಓಡಿ ಬಂದು ತಿಳಿಸಿದಳು. "ಮೌನನಾ?" ಎಂದಳು ಖತೀಜಾ. "ನಾನಾ? ಮದುವಿ ದಿನಾನೂ ನಾ ಸುಮ್ಮನ ಕೂತಿಲ್ಲ."

ಕಟ್ಟೆ ಹತ್ತಿ ನಿಂತಳು. ಭಾಲ್ಕಿಯಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿದಳು, ಒಂದು ಮಾತೂ ಕಡಿಮೆ ಮಾಡದೆ. ಮಗನ ಹೆಸರು ಮೊದಲ ಸಲ ಮೆಲ್ಲಗೆ ಬಂತು. ಆ ಹೆಸರನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು.

ರಶೀದ ಅಹ್ಮದರು ಸುಣ್ಣದ ಕೈ ಒರೆಸಿಕೊಂಡರು. "ಭಾಬಿ, ನಿಮ್ಮ ಜೀವ ದಣದಾದ. ನಿಮ್ಮ ಬಾಯಿಂದ ನೀರು ಅಂತ ಬಂತು, ಅಷ್ಟು ಮಂದಿ ಕೇಳ್ಯಾರ. ಕುಡಿದಿದ್ದು ಏನಾರ ಇರಲಿ, ಕಂಡಿದ್ದು ಸುಳ್ಳಂತ ಹ್ಯಾಂಗ ಅಂತೀರಿ?"

"ಭಾಯಿಸಾಬ್, ಕಲ್ಲಿನೊಳಗಿಂದ ನನ್ನ ಗಂಡ ಕರದಿದ್ದೂ ಕೇಳೀನಿ. ಬೋರ್ ಹೊಡದು ಅವರನ್ನೂ ತೆಗೀರಿ ಮತ್ತ."

ಯಾರೋ ಕಿಸಕ್ಕೆಂದರು. ರಶೀದ ಅಹ್ಮದರು ನಗಲಿಲ್ಲ. "ಊರಿಗಿ ಒಂದೇ ಆಸೆ ಉಳದಿತ್ತು."

"ಆ ಆಸೆ ನನ್ನ ತಲಿ ಕೆಟ್ಟಾಗ ಹುಟ್ಟ್ಯಾದ. ನಾಳಿ ಇನ್ನೊಬ್ಬಾಕಿ ಬಂದು ನನಗೂ ಅದೇ ತಾವೀಜು ಕೊಡು, ನನಗೂ ನೀರು ಕಾಣಲಿ ಅಂದ್ರ? ನಿಮ್ಮ ಸೊಸೀಗ ಕುಡಸ್ತೀರೇನು?"

ರಶೀದ ಅಹ್ಮದರು ಲಾರಿಯವನ ಕಡೆ ಬೇಡವೆಂದು ಕೈಯಾಡಿಸಿದರು.

ಅವಳು ಒಳಗೆ ಹೋಗಿ ಎಡಗೈಯಿಂದ ಬಿಸ್ಕತ್ತಿನ ಡಬ್ಬಿ ತಂದು ಎಲ್ಲರಿಗೂ ತೋರಿಸಿದಳು. "ಇದರಾಗ ನಿಮ್ಮ ಕಾಗದ ಅವ. ಮಳಿ ಬರೋತನ ಇವಕ್ಕ ನಾನು ಕಾವಲು. ಆದರ ಶಮೀಮಳ ಕೈಯಾಗಿನವು ಈ ಡಬ್ಬಿಗಿ ಬರಲ್ಲ, ಥಾಣೆಗಿ ಹೋಗ್ತಾವ. ನಾನೇ ಒಯ್ತೀನಿ. ಮಕ್ಸೂದ, ನಡಿ."

"ಅಮ್ಮಿ, ಹೆತ್ತಾಕಿ ನೀ," ಎಂದ ಮಕ್ಸೂದ. ಅವನ ಕಣ್ಣು ತುಂಬಿತ್ತು.

"ಅದಕ್ಕೇ ನಿನ್ನ ಕೂಡ ನಡೀತೀನಿ ಅಂದೆ. ಒಬ್ಬನ್ನೇ ಹೋಗು ಅಂದಿಲ್ಲ."

ಅವನು ಬೈಕಿನ ಕೀಲಿ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತ. ಆಮೇಲೆ ಬೈಕು ಹತ್ತಿ ಬೀದರಿನ ರಸ್ತೆ ಹಿಡಿದ. ಖತೀಜಾ ಧೂಳು ಕೂರುವವರೆಗೂ ನೋಡಿದಳು. ಮಗಳೊಡನೆ ಬಸ್ ನಿಲ್ದಾಣ ದಾಟಿ ಠಾಣೆಗೆ ನಡೆದುಕೊಂಡೇ ಹೋದಳು. ದಾರಿಯಲ್ಲಿ ಎರಡು ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅವಳು ಸೆರಗು ಸರಿಮಾಡಿಕೊಳ್ಳಲಿಲ್ಲ, ತಲೆ ತಗ್ಗಿಸಲಿಲ್ಲ.

ಬೋರಿನ ಲಾರಿ ಸಂಜೆಗೆ ಹೊರಟುಹೋಯಿತು. ಮಕ್ಸೂದ ಕೆಲವು ವಾರಗಳ ಮೇಲೆ ಬೀದರಿನ ಕಾಲೇಜು ಹುಡುಗರ ಕೋಣೆಯೊಂದರಲ್ಲಿ ಪೊಲೀಸರಿಗೆ ಸಿಕ್ಕಿದ. ಖತೀಜಾ ಮೊದಲ ಸಲ ಜೈಲಿಗೆ ರೊಟ್ಟಿ ಕಟ್ಟಿಕೊಂಡು ಹೋದಾಗ ಅವನು ಹೊರಗೆ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಮೂರನೆಯ ಸಲ ಬಂದು ಅವಳ ಕೈಯನ್ನೇ ನೋಡುತ್ತ ನಿಂತ. "ಎಷ್ಟು ಸಲ ಬರದಿದ್ರೂ ನಾ ಬರ್ತೀನಿ," ಎಂದಳು ಅವಳು. "ಹಿಡಿಸಿಕೊಟ್ಟಾಕಿನೂ ನಾನೇ, ಉಣಸಾಕಿನೂ ನಾನೇ."

ಓಣಿಯ ಬಹಳ ಮಂದಿ ಬಸ್ ನಿಲ್ದಾಣದ ಗಿರಣಿಗೆ ಕಾಳು ಒಯ್ಯತೊಡಗಿದರು. ಸುಭದ್ರಾಬಾಯಿ ಮಾತ್ರ ಬರುವುದನ್ನು ಬಿಡಲಿಲ್ಲ. ಭಾಲ್ಕಿಯಿಂದ ತಿರುಗಿ ಬಂದ ಸಕೀನಾ, ಹೊಟ್ಟೆ ಮುಂದೆ ಮಾಡಿಕೊಂಡು, ಅರ್ಧ ಸೇರು ಜೋಳ ಹಿಡಿದು ಎಲ್ಲರ ಕಣ್ಣೆದುರೇ ಬರುತ್ತಿದ್ದಳು. ಆದರೂ ಆಗಾಗ ಯಾರಾದರೊಬ್ಬರು ಬೇರೆ ಊರಿನಿಂದ ಹಳೆಯ ಸುದ್ದಿ ಕೇಳಿ ಶೀಷೆ ಹಿಡಿದು ಬಂದು ನಿಲ್ಲುವರು.

"ಜೋಳ ತಂದಿದ್ರ ಕೊಡು," ಎನ್ನುವಳು ಖತೀಜಾ. "ನೀರು ತಂದಿದ್ರ ಮನಿಗಿ ಒಯ್ದು ಮಕ್ಕಳಿಗಿ ಕುಡಸು."

ಕೆಲವು ಬೆಳಗು, ಯಾವ ಸೂಚನೆಯೂ ಇಲ್ಲದೆ, ಬಟ್ಟೆಯ ತೋಳಿನ ಕೆಳಗಿನ ಹಿಟ್ಟಿನ ಗುಡ್ಡೆ ಈಗಲೂ ಒಮ್ಮೆ ಏರಿ ಇಳಿಯುತ್ತದೆ. ಆ ನಶಾ ಇಳಿದ ಮೇಲೂ ಕೆಲವರಿಗೆ ಹೀಗೆ ಆಗುವುದುಂಟು, ಎಂದು ಹೋಗುತ್ತದೋ ಹೇಳಲಾಗದು ಎಂದು ಶಮೀಮ ಹೇಳಿದ್ದಾಳೆ. ಆಗ ಖತೀಜಾ ಮೋಟರು ನಿಲ್ಲಿಸಿ, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚದೆ ಅದನ್ನೇ ನೋಡುತ್ತ ನಿಲ್ಲುತ್ತಾಳೆ.

"ನೀ ಹಿಟ್ಟು ಅದಿ," ಎನ್ನುತ್ತಾಳೆ ಅದಕ್ಕೆ. "ಎಷ್ಟು ಬೇಕಾದ್ರೂ ಉಸಿರಾಡು. ನೀ ಹಿಟ್ಟೇ ಅದಿ."

ಅದು ಸುಮ್ಮನಾದ ಮೇಲೆ ಸ್ವಿಚ್ಚು ಹಾಕುತ್ತಾಳೆ.